ರೈಲಿನ ವೇಳಾಪಟ್ಟಿ ಮತ್ತು ಇಂಗ್ಲಿಷ್ ಪಾಠ

(ಬಾನುಲಿ ಭಾಷಣದ ಬರಹರೂಪ)

ನಾನು ಐದನೆಯ ತರಗತಿಗೆ ಕಾಲಿಟ್ಟದ್ದು 1965ರಲ್ಲಿ. ಇಂಗ್ಲಿಷ್ ಎಂಬ ಭಾಷೆ ನಮ್ಮ ಪಾಲಿಗೆ ಅಲ್ಲಿಂದಲೇ ಮೊದಲು. ನಮ್ಮ ಮೇಷ್ಟರು ಆ ಬೇಸಿಗೆಯಲ್ಲಿ ಯಾವುದೋ ತರಬೇತಿಗೆ ಹೋಗಿಬಂದಿದ್ದರು. ಬಂದವರೇ ಹುಡುಗರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಬಾಗಿಲಿನ ಕಡೆಗೆ ನಡೆಸತೊಡಗಿದರು. ನಡೆಯುವ ಹುಡುಗ ನಡೆಯುತ್ತ ನಡೆಯುತ್ತಲೇ "ಐ ಆ್ಯಮ್ ವಾಕಿಂಗ್ ಟು ದ ಡೋರ್" ಎನ್ನಬೇಕು. ಕುಳಿತವರೆಲ್ಲ ಒಕ್ಕೊರಲಿನಿಂದ "ಹಿ ಈಸ್ ವಾಕಿಂಗ್ ಟು ದ ಡೋರ್" ಎನ್ನಬೇಕು. ಮಾತಿಗೂ ಹೆಜ್ಜೆಗೂ ತಾಳ ತಪ್ಪುವಂತಿಲ್ಲ. ಬಾಗಿಲನ್ನು ಮುಟ್ಟಿದ ಮೇಲೂ ಒಬ್ಬ 'ವಾಕಿಂಗ್' ಎಂದರೆ ಅದು ಕಾಲದೋಷ. ಹಿಂದಿರುಗಿ ಮತ್ತೆ ನಡೆಯಬೇಕು.

ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನ್ನ ಗೆಳೆಯನೊಬ್ಬನಿಗೆ ಈ ಆಟ ಬಹಳ ಹಿಡಿಸಿತ್ತು. ತಪ್ಪಿಲ್ಲದೆ ಹೇಳುತ್ತಿದ್ದ, ಗತ್ತಿನಿಂದ ನಡೆಯುತ್ತಿದ್ದ. ಏಳನೆಯ ತರಗತಿ ಮುಗಿಯುವ ಮೊದಲೇ ಅವನು ಆ ಬಾಗಿಲಿನಿಂದ ಹೊರಗೆ ಹೋದವನು ಮತ್ತೆ ಬರಲಿಲ್ಲ. ತಂದೆ ತೀರಿಕೊಂಡಿದ್ದರು; ಅಂಗಡಿಯಲ್ಲಿ ಕೂರಲು ಮನೆಗೊಂದು ಆಳು ಬೇಕಾಗಿತ್ತು.

ಇಂದು ನಾನು ಮಾತನಾಡಬೇಕೆಂದಿರುವುದು ಸರ್ಕಾರಿ ಶಾಲೆಗಳಲ್ಲಿ 'ಸಾಮರ್ಥ್ಯಾಧಾರಿತ' ಇಂಗ್ಲಿಷ್ ಬೋಧನೆ ಬಂದ ಬಗೆಯನ್ನು ಕುರಿತು. ಹೆಸರು ಭಾರವಾಗಿದೆ. ಆದರೆ ಅದರ ಹಿಂದಿರುವ ಪ್ರಶ್ನೆ ಸರಳವಾದದ್ದು: ಮಗು ಪಾಠವನ್ನು 'ಮುಗಿಸಿದೆ' ಎಂದರೆ ಸಾಲದು, ಆ ಪಾಠದಿಂದ ಅದಕ್ಕೆ ಏನು ಮಾಡಲು ಬಂತು? ಈ ಪ್ರಶ್ನೆ ನಿನ್ನೆ ಮೊನ್ನೆಯದಲ್ಲ. ನಮ್ಮ ದೇಶದಲ್ಲಿ ಇದಕ್ಕೆ ನೂರು ವರ್ಷ ತುಂಬಿತು. ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಎಲ್ಲಕ್ಕಿಂತ ಧೀರವಾದ ಒಂದು ಉತ್ತರ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಮೊದಲು ಢಾಕಾಕ್ಕೆ ಹೋಗೋಣ. ಅಲ್ಲಿನ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ ಮೈಕೆಲ್ ವೆಸ್ಟ್ ಎಂಬ ಆಂಗ್ಲ ಶಿಕ್ಷಣಾಧಿಕಾರಿಯಿದ್ದರು. ಬಂಗಾಳದ ಶಾಲೆಗಳನ್ನು ವರ್ಷಗಟ್ಟಲೆ ನೋಡಿ 1926ರಲ್ಲಿ ಅವರು ದ್ವಿಭಾಷಿಕತೆಯನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದರು. ಮೆಕಾಲೆಯ 1835ರ ಟಿಪ್ಪಣಿಯ ಮೇಲೆ ನಮ್ಮಲ್ಲಿ ನಡೆದಷ್ಟು ಚರ್ಚೆ ಈ ವರದಿಯ ಮೇಲೆ ನಡೆದಿಲ್ಲ. ನಡೆಯಬೇಕಾಗಿತ್ತು ಎಂದು ನನ್ನ ಎಣಿಕೆ. ಮೆಕಾಲೆ ನೋಡಿದ್ದು ಮೇಲಿನ ಪದರದ ಕೆಲವರನ್ನು. ವೆಸ್ಟ್ ನೋಡಿದ್ದು ನಡುವಿನಲ್ಲೇ ಶಾಲೆ ಬಿಡುವ ಅಸಂಖ್ಯ ಮಕ್ಕಳನ್ನು. ಹತ್ತು ವರ್ಷದ ಪಠ್ಯಕ್ರಮವನ್ನು ಹತ್ತನೆಯ ವರ್ಷದಲ್ಲಿ ಮಾತ್ರ ಫಲ ಕೊಡುವಂತೆ ಕಟ್ಟಿದರೆ ಮೂರನೆಯ ವರ್ಷದಲ್ಲಿ ಬಿಟ್ಟುಹೋಗುವ ಹುಡುಗನ ಗತಿಯೇನು? ಬುನಾದಿ ತೋಡಿಸಿಕೊಂಡು ಮನೆ ಇಲ್ಲದೆ ಹೋದವನ ಗತಿ ಅದು. ವೆಸ್ಟ್ ಇದಕ್ಕೆ ಜೀವವಿಮೆಯ ಕಚೇರಿಯಿಂದ ಒಂದು ಮಾತನ್ನು ಎರವಲು ತಂದರು — 'ಸರೆಂಡರ್ ವ್ಯಾಲ್ಯೂ'. ಪಾಲಿಸಿಯನ್ನು ಅವಧಿಗೆ ಮುನ್ನ ಬಿಟ್ಟುಕೊಟ್ಟವನಿಗೂ ಅವನು ಕಟ್ಟಿದ ಕಂತಿಗೆ ತಕ್ಕಂತೆ ಏನಾದರೂ ಕೈಗೆ ಬರುತ್ತದಲ್ಲವೇ? ಪಾಠವೂ ಹಾಗೆಯೇ ಇರಬೇಕು. ಯಾವ ದಿನ ಬಿಟ್ಟರೂ ಆ ದಿನದವರೆಗಿನ ಕಂತು ಮುಳುಗಬಾರದು. ಬಂಗಾಳದ ಹುಡುಗನಿಗೆ ಇಂಗ್ಲಿಷಿನಲ್ಲಿ ಮಾತನಾಡುವ ಪ್ರಸಂಗ ಅಪರೂಪ, ಓದುವ ಪ್ರಯೋಜನವೇ ಹೆಚ್ಚು ಎಂದು ಬಗೆದು ವೆಸ್ಟ್ ಓದಿಗೇ ಒತ್ತು ಕೊಟ್ಟರು. ಹೊಸ ಶಬ್ದಗಳನ್ನು ಎಣಿಸಿ, ಅಳೆದು, ವಿರಳವಾಗಿ ಹೊಂದಿಸಿದ ವಾಚನಪುಸ್ತಕಗಳನ್ನು ರಚಿಸಿದರು.

ಓದೇ ಸಾಕೆಂಬ ಅವರ ತೀರ್ಮಾನವನ್ನು ನಾವು ಒಪ್ಪದಿರಬಹುದು. ಆದರೆ ಬಿಟ್ಟುಹೋಗುವ ಮಗುವನ್ನು ಲೆಕ್ಕಕ್ಕೆ ಹಿಡಿದು ಪಠ್ಯಕ್ರಮವನ್ನು ಅಳೆಯಬೇಕೆಂಬ ಮಾತನ್ನು ಮುಂದೆ ಬಂದ ಅನೇಕ ಸಮಿತಿಗಳು ಮರೆತವು.

ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷಿನ ಸ್ಥಾನ ಅಲುಗಾಡಿತು, ಆದರೆ ಬೇಡಿಕೆ ಇಳಿಯಲಿಲ್ಲ. ಕಲಿಸುವವರು ಮಾತ್ರ ಸಾಲದಾದರು. ಆಗ ನಮಗೆ ಒದಗಿದ್ದು 'ಸ್ಟ್ರಕ್ಚರಲ್' ಪದ್ಧತಿ. ಭಾಷೆಯೆಂದರೆ ವಾಕ್ಯಗಳ ಅಚ್ಚುಗಳು. ಸುಲಭದ ಅಚ್ಚು ಮೊದಲು, ಕಷ್ಟದ ಅಚ್ಚು ಆಮೇಲೆ. ಒಂದೊಂದನ್ನೂ ಸನ್ನಿವೇಶದಲ್ಲಿ ತೋರಿಸಿ, ಬಾಯಲ್ಲಿ ಹೇಳಿಸಿ, ರೂಢಿ ಮಾಡಿಸಿದರೆ ಭಾಷೆ ಬಂದೀತು — ಇದು ಅದರ ನಂಬಿಕೆ. ಮದ್ರಾಸು ರಾಜ್ಯ 1959ರಲ್ಲಿ ಇದಕ್ಕಾಗಿ ಒಂದು ದಂಡಯಾತ್ರೆಯನ್ನೇ ಕೈಗೊಂಡಿತು. ಸುಮಾರು 27,000 ಪ್ರಾಥಮಿಕ ಶಾಲಾ ಅಧ್ಯಾಪಕರಿಗೆ ಹೊಸ ಪದ್ಧತಿಯನ್ನು ಕಲಿಸಬೇಕಾಗಿತ್ತು. ಕೆಲವರು ಕಲಿತು ಹಲವರಿಗೆ ಕಲಿಸುವುದು, ಆ ಹಲವರು ಮತ್ತಷ್ಟು ಜನರಿಗೆ ಕಲಿಸುವುದು. ಉರುಳುತ್ತ ಉರುಳುತ್ತ ದೊಡ್ಡದಾಗುವ ಹಿಮದ ಉಂಡೆಯ ಹೆಸರನ್ನೇ ಈ ಯೋಜನೆಗೆ ಇಟ್ಟರು. ಹಿಮವನ್ನು ಕಾಣದ ಮದ್ರಾಸಿನಲ್ಲಿ ಈ ಉಂಡೆ ಊರಿಂದೂರಿಗೆ ಉರುಳುವಾಗ ಎಷ್ಟು ಕರಗಿತು, ಎಷ್ಟು ಉಳಿಯಿತು ಎಂಬುದನ್ನು ನೀವೇ ಊಹಿಸಬಹುದು. ನಮ್ಮ ಮೇಷ್ಟರು ಹೋಗಿಬಂದ ತರಬೇತಿಯೂ ಅಂಥದೇ ಒಂದು ಉಂಡೆಯ ಚೂರು.

ಇದಕ್ಕೆ ಮೇಲಿನಿಂದ ಬಲ ಕೊಟ್ಟದ್ದು 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ. ಅದರ ಆರಂಭದ ವರ್ಷಗಳ ನಿರ್ದೇಶಕರು ಯಾರು ಬಲ್ಲಿರಾ? ನಮ್ಮ ವಿನಾಯಕರು, ಅಂದರೆ ವಿ. ಕೃ. ಗೋಕಾಕರು. ಕನ್ನಡದ ನವ್ಯಕಾವ್ಯಕ್ಕೆ ಹೆಸರಿಟ್ಟ ಕವಿ ಇಡೀ ದೇಶದ ಇಂಗ್ಲಿಷ್ ಅಧ್ಯಾಪಕರ ತರಬೇತಿಯ ಚುಕ್ಕಾಣಿ ಹಿಡಿದಿದ್ದರು. ಭಾರತದಲ್ಲಿ ಇಂಗ್ಲಿಷಿನ ಇಂದು-ನಾಳೆಗಳನ್ನು ಕುರಿತು 1964ರಲ್ಲಿ ಅವರೊಂದು ಗ್ರಂಥವನ್ನೂ ಬರೆದರು. ಗೋಕಾಕರನ್ನು ನಾವು ಈ ಮಾತುಕತೆಯಲ್ಲಿ ಇನ್ನೊಮ್ಮೆ ಭೇಟಿಯಾಗಲಿದ್ದೇವೆ. ದಕ್ಷಿಣದ ರಾಜ್ಯಗಳಿಗೆಂದು ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಆರಂಭವಾಯಿತು.

ಸ್ಟ್ರಕ್ಚರಲ್ ಪದ್ಧತಿಯನ್ನು ಹಗುರವಾಗಿ ಕಾಣುವುದು ಇಂದು ಸುಲಭ. ಅದರ ಋಣ ನನ್ನ ಮೇಲಿದೆ. ಅದಕ್ಕೆ ಮೊದಲು ವ್ಯಾಕರಣದ ಸೂತ್ರಗಳನ್ನು ಉರುಹಚ್ಚಿಸಿ ಭಾಷಾಂತರ ಮಾಡಿಸುತ್ತಿದ್ದ ತರಗತಿಯಲ್ಲಿ ಮಗುವಿನ ಬಾಯಿಗೆ ಕೆಲಸವೇ ಇರಲಿಲ್ಲ. ಈ ಪದ್ಧತಿ ಬಾಯಿ ತೆರೆಸಿತು. ತೊಂದರೆ ಇದ್ದದ್ದು ಬೇರೆ ಕಡೆ. ಬಾಗಿಲಿಗೆ ನಡೆಯುವ ಹುಡುಗ ತಾನು ನಡೆಯುತ್ತಿದ್ದೇನೆಂದು ಯಾರಿಗೆ ತಿಳಿಸುತ್ತಿದ್ದಾನೆ? ಎಲ್ಲರ ಕಣ್ಣೆದುರಿಗೇ ಇರುವ ಸಂಗತಿ ಅದು. ಕೇಳುವವನಿಗೆ ಗೊತ್ತಿರುವುದನ್ನು ಗೊತ್ತಿರುವಂತೆಯೇ ಹೇಳುವುದು ಭಾಷೆಯ ಕೆಲಸವೇ ಅಲ್ಲ. ವಾಕ್ಯ ಸರಿಯಾಗಿತ್ತು, ಮಾತು ಇರಲಿಲ್ಲ. 1970ರ ದಶಕದ ನಡುವಿನ ಹೊತ್ತಿಗೆ ದಕ್ಷಿಣ ಭಾರತದ ಅಧ್ಯಾಪಕ ವಲಯದಲ್ಲಿ ಒಂದು ಅಸಮಾಧಾನ ಬಲಿಯಿತು: ತರಗತಿಯಲ್ಲಿ ತಪ್ಪಿಲ್ಲದೆ ಅಚ್ಚು ಒತ್ತುವ ಹುಡುಗರು ತರಗತಿಯ ಹೊರಗೆ, ಅಷ್ಟೇಕೆ ಮುಂದಿನ ವರ್ಷದ ಪಾಠದಲ್ಲಿಯೇ, ಅದೇ ಅಚ್ಚಿನಲ್ಲಿ ತಪ್ಪುತ್ತಾರೆ.

ಈ ಅಸಮಾಧಾನಕ್ಕೆ ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ವಿಚಾರಗೋಷ್ಠಿಗಳಲ್ಲಿ ಒಂದು ಆಕಾರ ಬಂತು. ಅದರ ಮುಂದಾಳು ಎನ್. ಎಸ್. ಪ್ರಭು, ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿ ಇಂಗ್ಲಿಷ್ ಬೋಧನೆಯ ಅಧಿಕಾರಿಯಾಗಿದ್ದವರು. 1979ರಿಂದ 1984ರವರೆಗೆ ಐದು ವರ್ಷ ಕೆಲವು ಸಾಮಾನ್ಯ ಶಾಲೆಗಳಲ್ಲಿ 8ರಿಂದ 15 ವರ್ಷದೊಳಗಿನ ಮಕ್ಕಳೊಂದಿಗೆ ನಡೆದ ಈ ಕೆಲಸವನ್ನು ಜಗತ್ತು ಇಂದು 'ಬೆಂಗಳೂರು ಯೋಜನೆ' ಎಂದು ಕರೆಯುತ್ತದೆ. ಮದ್ರಾಸಿನಲ್ಲಿಯೂ ಕಡಲೂರಿನಲ್ಲಿಯೂ ಅದರ ತರಗತಿಗಳಿದ್ದವು. ಹೆಸರು ಮಾತ್ರ ನಮ್ಮ ಊರಿಗೆ ದಕ್ಕಿತು.

ಪ್ರಭು ಅವರ ವಾದವನ್ನು ನಿಧಾನವಾಗಿ ಕೇಳಬೇಕು, ಏಕೆಂದರೆ ಅದು ಮೇಲುನೋಟಕ್ಕೆ ವಿಪರೀತವೆನಿಸುತ್ತದೆ. ಆ ವೇಳೆಗೆ ಪಶ್ಚಿಮದಲ್ಲಿ ವ್ಯಾಕರಣ ಹಿಂದೆ ಸರಿದಿತ್ತು. ಅಂಗಡಿಯಲ್ಲಿ ಹೇಗೆ ಕೇಳುವುದು, ಕ್ಷಮೆ ಹೇಗೆ ಯಾಚಿಸುವುದು, ಇಂಥ ವ್ಯವಹಾರಗಳ ಪಟ್ಟಿ ಮುಂದೆ ಬಂದಿತ್ತು. ಪ್ರಭು ಆ ದಾರಿಯನ್ನು ಹಿಡಿಯಲಿಲ್ಲ. ಅವರು ಬೆಳೆಸಬೇಕೆಂದದ್ದು ವ್ಯಾಕರಣದ ಸಾಮರ್ಥ್ಯವನ್ನೇ. ಆದರೆ ವ್ಯಾಕರಣವನ್ನು ಕಲಿಸುವುದರಿಂದ ಅದು ಬರುವುದಿಲ್ಲ. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ಭಾಷೆಯ ರೂಪ ತಾನಾಗಿ, ತಿಳಿಯದಂತೆ, ಒಳಗೆ ಇಳಿಯುತ್ತದೆ — ಇದು ಅವರ ನಂಬಿಕೆ. ಈಜುವುದನ್ನು ಕಲಿಯುವ ಹುಡುಗ ಕೈಕಾಲುಗಳ ಕೋನವನ್ನು ಎಣಿಸುತ್ತ ಕೂತರೆ ಮುಳುಗುತ್ತಾನೆ. ಆಚೆಯ ದಡದ ಮೇಲೆ ಕಣ್ಣಿಟ್ಟರೆ ಕೈಕಾಲು ತಮ್ಮ ಕೆಲಸವನ್ನು ತಾವೇ ಕಲಿಯುತ್ತವೆ. ಹೋಲಿಕೆ ನನ್ನದು, ಪ್ರಭು ಅವರದಲ್ಲ.

ಹಾಗಾದರೆ ತರಗತಿಯಲ್ಲಿ ನಡೆಯುತ್ತಿದ್ದುದೇನು? ಭಾಷೆಯ ಪಾಠವೇ ಕಾಣುತ್ತಿರಲಿಲ್ಲ. ಗಡಿಯಾರದ ಮುಖ, ತಿಂಗಳ ಪಂಚಾಂಗ, ಊರಿನ ನಕ್ಷೆ, ಶಾಲೆಯ ಮತ್ತು ರೈಲಿನ ವೇಳಾಪಟ್ಟಿಗಳು, ಹುಟ್ಟಿದ ವರ್ಷ ಮತ್ತು ವಯಸ್ಸು, ದುಡ್ಡಿನ ಲೆಕ್ಕ, ತಂತಿ ಸುದ್ದಿ — ಇವೇ ಸಾಮಗ್ರಿ. (ತಂತಿ ಎಂದರೆ ಈಗಿನ ಮಕ್ಕಳಿಗೆ ಟಿಪ್ಪಣಿ ಬರೆಯಬೇಕು, 2013ರಲ್ಲಿ ಅದು ನಿಂತೇಹೋಯಿತು.) ಒಂದು ಪಾಠವನ್ನು ಕಲ್ಪಿಸಿಕೊಳ್ಳಿ. ಹಲಗೆಯ ಮೇಲೆ ಬೆಂಗಳೂರಿನಿಂದ ಮದ್ರಾಸಿಗೆ ಹೋಗುವ ಮೂರು ರೈಲುಗಳ ವೇಳೆ ಬರೆದಿದೆ. ಒಬ್ಬಾತ ಸಂಜೆ ಐದಕ್ಕೆ ಮದ್ರಾಸಿನಲ್ಲಿ ಆರತಕ್ಷತೆಗೆ ಹೋಗಬೇಕು. ಬೆಳಿಗ್ಗೆ ಎಂಟರವರೆಗೆ ಅವನಿಗೆ ಮನೆಯಲ್ಲಿ ಕೆಲಸ. ಅವನು ಯಾವ ರೈಲು ಹತ್ತಬೇಕು? ಅದು ಒಂದು ಗಂಟೆ ತಡವಾದರೆ ಆರತಕ್ಷತೆ ಸಿಕ್ಕೀತೆ? ಅಧ್ಯಾಪಕರು ಇದನ್ನೆಲ್ಲ ಇಂಗ್ಲಿಷಿನಲ್ಲಿ ಇಡೀ ತರಗತಿಯೊಂದಿಗೆ ಮಾತನಾಡುತ್ತ ಬಿಡಿಸುತ್ತಾರೆ. ಬಳಿಕ ಅಂಥದೇ ಇನ್ನೊಂದು ಸಮಸ್ಯೆಯನ್ನು ಪ್ರತಿ ಮಗುವೂ ತಾನೇ ಕುಳಿತು ಬಿಡಿಸಬೇಕು. ಬರೆದ ಉತ್ತರಕ್ಕೆ ಅಂಕ. ಅಂಕ ಉತ್ತರ ಸರಿಯೇ ಎಂಬುದಕ್ಕೆ, ವಾಕ್ಯ ಸೊಗಸೇ ಎಂಬುದಕ್ಕಲ್ಲ.

ಕೆಲವು ವಿವರಗಳು ನನಗೆ ಬಹಳ ಪ್ರಿಯ. ಸಮಸ್ಯೆ ಎಷ್ಟು ಕಷ್ಟವಿರಬೇಕೆಂಬುದಕ್ಕೆ ಅವರಿಗೊಂದು ಕೈಯಳತೆ ಇತ್ತು: ತರಗತಿಯ ಸುಮಾರು ಅರ್ಧ ಮಕ್ಕಳು ಸುಮಾರು ಅರ್ಧ ಸಮಸ್ಯೆಯನ್ನು ಬಿಡಿಸಿದರೆ ಅದು ತಕ್ಕ ಅಳತೆ. ಅದಕ್ಕಿಂತ ಸುಲಭವಾದರೆ ಮಕ್ಕಳು ಅಸಡ್ಡೆ ಮಾಡುತ್ತಾರೆ, ಕಷ್ಟವಾದರೆ ಕೈಬಿಡುತ್ತಾರೆ. ಮಗು ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಬರೀ ಅಂಕಿಯನ್ನೇ ಹೇಳಬಹುದಿತ್ತು. ಪೂರ್ಣವಾಕ್ಯದಲ್ಲಿ ಉತ್ತರಿಸು ಎಂಬ ನಮ್ಮ ಶಾಲೆಗಳ ಹಳೆಯ ಕಟ್ಟಪ್ಪಣೆ ಅಲ್ಲಿರಲಿಲ್ಲ. ತಪ್ಪಾಡಿದರೆ ಪಾಠವನ್ನು ನಿಲ್ಲಿಸಿ ತಿದ್ದುತ್ತಿರಲಿಲ್ಲ. ಮನೆಯಲ್ಲಿ ಮಗು "ಅಮ್ಮ, ನಾನು ಬಂದನು" ಎಂದರೆ ತಾಯಿ "ಬಂದೆಯಾ ಕಂದ, ಯಾವಾಗ ಬಂದೆ?" ಎಂದು ಮಾತು ಮುಂದುವರಿಸುತ್ತಾಳಲ್ಲ, ಅಷ್ಟೇ ತಿದ್ದುಪಡಿ. ಮಕ್ಕಳನ್ನು ಗುಂಪು ಕಟ್ಟಿ ಮಾತನಾಡಿಸುವ ಪರಿಪಾಟವನ್ನು ಅವರು ಬೇಕೆಂದೇ ಇಟ್ಟುಕೊಳ್ಳಲಿಲ್ಲ. ಇಂಗ್ಲಿಷ್ ಬಾರದವರು ಬಾರದವರೊಂದಿಗೇ ಮಾತನಾಡಿದರೆ ಕುಂಟುಭಾಷೆ ಗಟ್ಟಿಯಾದೀತೆಂಬ ಅಂಜಿಕೆ. ಯಾವ ದುಬಾರಿ ಸಲಕರಣೆಯೂ ಬೇಕಾಗಿರಲಿಲ್ಲ. ಹಲಗೆ, ಸೀಮೆಸುಣ್ಣ, ಕಾಗದ. ತರಗತಿಯಲ್ಲಿ ಮೂವತ್ತು, ನಲವತ್ತು, ಕೆಲವೆಡೆ ಇನ್ನೂ ಹೆಚ್ಚು ಮಕ್ಕಳು. ಬಡ ಶಾಲೆಯ ಬಡತನವನ್ನು ಒಪ್ಪಿಕೊಂಡೇ ಕಟ್ಟಿದ ಪದ್ಧತಿ ಇದು.

ಇಲ್ಲಿ ಕ್ಷಣಕಾಲ ತರಗತಿಯಿಂದ ಹೊರಗೆ ಬೀದಿಗೆ ಬನ್ನಿ. ಅದೇ ವರ್ಷಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ನಡೆಯುತ್ತಿದ್ದುದೇನು? ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಒಂದು ಸಮಿತಿ 1981ರಲ್ಲಿ ವರದಿ ಕೊಟ್ಟಿತು. 1982ರಲ್ಲಿ ಅದರ ಜಾರಿಗಾಗಿ ನಾಡೇ ಎದ್ದಿತು. ಸಾಹಿತಿಗಳು ನಡೆದರು, ರಾಜಕುಮಾರರು ಬಂದ ಮೇಲೆ ಜನಸಾಗರವೇ ಹರಿಯಿತು. ಆ ಸಮಿತಿಯ ಅಧ್ಯಕ್ಷರು ಮತ್ತಾರೂ ಅಲ್ಲ, ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯನ್ನು ನಡೆಸಿದ್ದ ಅದೇ ಗೋಕಾಕರು. ಇದರಲ್ಲಿ ವಿರೋಧಾಭಾಸವನ್ನು ಕಂಡು ನಕ್ಕವರು ಆಗಲೂ ಇದ್ದರು. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಚೆನ್ನಾಗಿ ಕಲಿಸಬಹುದೆಂದು ಬಲ್ಲವರಿಗೆ ಮಾತ್ರವೇ ಅದನ್ನು ಮೊದಲನೆಯ ಸ್ಥಾನದಿಂದ ಧೈರ್ಯವಾಗಿ ಇಳಿಸಲು ಸಾಧ್ಯ. ನಮ್ಮ ದುರ್ದೈವವೆಂದರೆ ಬೀದಿಯಲ್ಲಿ ನಡೆದ ಆ ದೊಡ್ಡ ಚರ್ಚೆಗೂ, ಅದೇ ನಗರದ ಕೆಲವು ತರಗತಿಗಳಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದ ಆ ಚಿಕ್ಕ ಪ್ರಯೋಗಕ್ಕೂ ಪರಸ್ಪರ ಪರಿಚಯವೇ ಆಗಲಿಲ್ಲ. ನಾನು ಆಗ ಇಂಗ್ಲಿಷ್ ಅಧ್ಯಾಪಕನಾಗಿದ್ದೆ, ಮೆರವಣಿಗೆಯಲ್ಲಿ ನಡೆದಿದ್ದೆ. ಪ್ರಯೋಗದ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಪ್ರಭು ಅವರ ಪುಸ್ತಕ 1987ರಲ್ಲಿ ಆಕ್ಸ್‌ಫರ್ಡಿನಿಂದ ಅಚ್ಚಾಗಿ ಬಂದ ಎಷ್ಟೋ ದಿನಗಳ ಮೇಲೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಾನೇ ಸಾಕ್ಷಿ.

ಪ್ರಯೋಗ ಗೆದ್ದಿತೇ? 1984ರಲ್ಲಿ ಎಡಿನ್‌ಬರೋದಿಂದ ಬಂದ ಅಲನ್ ಡೇವಿಸ್ ಮತ್ತು ಅಲನ್ ಬೆರೆಟ ನಾಲ್ಕು ಶಾಲೆಗಳಲ್ಲಿ ಹೊಸ ತರಗತಿಯನ್ನೂ ಹಳೆಯ ಪದ್ಧತಿಯ ತರಗತಿಯನ್ನೂ ಎದುರುಬದುರಿಟ್ಟು ಪರೀಕ್ಷಿಸಿದರು. ಅಚ್ಚುಗಳನ್ನು ಕೇಳುವ ಪರೀಕ್ಷೆಯಲ್ಲಿ ಅಚ್ಚು ಕಲಿತವರು ಮೇಲಾದರು. ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಬಿಡಿಸುವುದನ್ನು ಕಲಿತವರು ಮೇಲಾದರು. ಇದರಲ್ಲಿ ಅಚ್ಚರಿಯೇನಿಲ್ಲ. ಯಾರ ಕಡೆಗೂ ವಾಲದ ಪರೀಕ್ಷೆಗಳಲ್ಲಿ ಒಟ್ಟಿನ ಮೇಲೆ ಪ್ರಯೋಗದ ಮಕ್ಕಳ ಕಡೆಗೆ ತಕ್ಕಡಿ ಸ್ವಲ್ಪ ಬಾಗಿತು. ಪರೀಕ್ಷಕರು ಎಚ್ಚರಿಕೆಯಿಂದಲೇ ತೀರ್ಪು ಬರೆದರು, ಅದು ಸರಿಯಾಗಿಯೂ ಇತ್ತು. ಏಕೆಂದರೆ ಪ್ರಯೋಗದ ತರಗತಿಗಳಲ್ಲಿ ಪಾಠ ಮಾಡಿದವರಲ್ಲಿ ಬಹುಮಂದಿ ಯೋಜನೆಯವರೇ — ಹೆಚ್ಚು ಕಲಿತವರು, ಹೆಚ್ಚು ಹುರುಪಿನವರು. ಗೆದ್ದದ್ದು ಪದ್ಧತಿಯೋ ಮೇಷ್ಟರೋ?

ಬೆರೆಟ ಅವರು ಮುಂದೆ 1990ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಈ ಅನುಮಾನವನ್ನು ಬಲಪಡಿಸಿತು. ಯೋಜನೆಯ ಹೊರಗಿನ, ಶಾಲೆಯ ಕಾಯಂ ಅಧ್ಯಾಪಕರಿಗೆ ಈ ಪಾಠ ಹಗುರವಾಗಿ ಒಗ್ಗಲಿಲ್ಲ. ಕಾರಣವನ್ನು ನಾನು ಒಳಗಿನಿಂದ ಬಲ್ಲೆ. ಅಚ್ಚಿನ ಪಾಠದಲ್ಲಿ ಮೇಷ್ಟರಿಗೆ ತನ್ನ ಮುಂದಿನ ವಾಕ್ಯ ಯಾವುದೆಂದು ಗೊತ್ತು. ರೈಲಿನ ಪಾಠದಲ್ಲಿ ಹುಡುಗನೊಬ್ಬ "ಸಾರ್, ಬಸ್ಸಿನಲ್ಲಿ ಹೋದರೆ?" ಎಂದು ಕೇಳಿಬಿಡಬಹುದು, ಆಗ ಮೇಷ್ಟರು ತಮ್ಮ ಸ್ವಂತ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು. ಆ ಸ್ವಂತ ಇಂಗ್ಲಿಷು ನಮ್ಮಲ್ಲಿ ಎಷ್ಟು ಜನರಿಗಿತ್ತು? ಪಠ್ಯಪುಸ್ತಕ ನಮಗೆ ಊರುಗೋಲಾಗಿತ್ತು. ಈ ಪದ್ಧತಿ ಅದನ್ನು ಕಿತ್ತುಕೊಂಡಿತು. ಮಗುವಿಗೆ ಬಿಡುಗಡೆ ಕೊಟ್ಟ ಪಾಠ ಮೇಷ್ಟರನ್ನು ಬೆತ್ತಲಾಗಿಸಿತು. 1984ರ ಬಳಿಕ ದಕ್ಷಿಣದ ಯಾವ ರಾಜ್ಯವೂ ಅದನ್ನು ತನ್ನ ಶಾಲೆಗಳಿಗೆ ಇಡಿಯಾಗಿ ತರಲಿಲ್ಲ. ಹೊರಗಡೆ ಮಾತ್ರ ಭಾಷಾಬೋಧನೆಯ ಯಾವ ಗ್ರಂಥವನ್ನು ತೆರೆದರೂ ಬೆಂಗಳೂರಿನ ಹೆಸರಿದೆ.

ಈಗ ಕಥೆಯ ಇನ್ನೊಂದು ಕವಲಿಗೆ ಬರುತ್ತೇನೆ. 'ಸಾಮರ್ಥ್ಯ' ಎಂಬ ಮಾತು ಇಂಗ್ಲಿಷಿನಲ್ಲಿ ಎರಡು ದಾರಿಯಲ್ಲಿ ಬೆಳೆದಿದೆ. ಭಾಷಾವಿಜ್ಞಾನಿ ಚೋಮ್‌ಸ್ಕಿ 1965ರಲ್ಲಿ ಬಳಸಿದ ಅರ್ಥದಲ್ಲಿ ಅದು ಮಾತಾಡುವವನ ಒಳಗೆ ಹುದುಗಿರುವ, ಅವನಿಗೇ ಕಾಣದ ಅರಿವು. ಪ್ರಭು ಅವರ ವ್ಯಾಕರಣ ಸಾಮರ್ಥ್ಯ ಇದರ ನೆಂಟ. ಅಮೆರಿಕದ ಶಿಕ್ಷಣ ಇಲಾಖೆಗಳಲ್ಲಿ ಅದೇ ಮಾತು ಬೇರೆಯೇ ಬಟ್ಟೆ ತೊಟ್ಟಿತು: ಹೊರಗೆ ಕಾಣುವ, ಎಣಿಸಬಹುದಾದ, ಬಂತು-ಬಾರದು ಎಂದು ಗುರುತು ಹಾಕಬಹುದಾದ ಒಂದೊಂದು ಕೆಲಸವೂ ಒಂದೊಂದು ಸಾಮರ್ಥ್ಯ. 1975ರಲ್ಲಿ ವಿಯೆಟ್ನಾಮ್ ಯುದ್ಧ ಮುಗಿದ ಮೇಲೆ ಇಂಡೋಚೀನಾದ ಲಕ್ಷಗಟ್ಟಲೆ ನಿರಾಶ್ರಿತರು ಅಮೆರಿಕದತ್ತ ಹೊರಟರು. ಅವರಿಗೆ ಬೇಗ ಇಂಗ್ಲಿಷ್ ಬರಬೇಕು, ಬೇಗ ಕೆಲಸ ಸಿಗಬೇಕು. ಅಲ್ಲಿ ಈ ಪಟ್ಟಿಯ ಪದ್ಧತಿ ಬೇರೂರಿತು. ಬಸ್ಸಿನ ದಾರಿ ಕೇಳುವುದು, ಬಾಡಿಗೆ ಕರಾರನ್ನು ಓದುವುದು, ವೈದ್ಯರಿಗೆ ನೋವು ತಿಳಿಸುವುದು, ಮೇಲ್ವಿಚಾರಕನ ಅಪ್ಪಣೆಯನ್ನು ಅರಿತು ನಡೆಯುವುದು.

ದಿಕ್ಕು ತಪ್ಪಿ ಬಂದವನಿಗೆ ಇವೆಲ್ಲ ಅಮೃತ, ಸಂದೇಹವಿಲ್ಲ. ಆದರೆ ಎಲ್ಸಾ ಔಅರ್ಬಾಕ್ ಎಂಬ ಅಧ್ಯಾಪಕಿ 1986ರಲ್ಲಿ ಒಂದು ಮುಳ್ಳಿನಂಥ ಪ್ರಶ್ನೆಯನ್ನು ಕೇಳಿದರು: ಈ ಪಟ್ಟಿಯನ್ನು ಬರೆದವರು ಯಾರು? ಕಲಿಯುವವನು ಮುಂದೆ ಯಾವ ಕುರ್ಚಿಯಲ್ಲಿ ಕೂರುತ್ತಾನೆಂಬುದನ್ನು ಮೊದಲೇ ತೀರ್ಮಾನಿಸಿ, ಆ ಕುರ್ಚಿಗೆ ಬೇಕಾದಷ್ಟೇ ಭಾಷೆಯನ್ನು ಅಳೆದು ಕೊಡುತ್ತಿದ್ದೇವಲ್ಲವೇ? ಅಪ್ಪಣೆಯನ್ನು ಪಾಲಿಸುವ ಇಂಗ್ಲಿಷನ್ನು ಕಲಿಸಿದೆವು. ಅಪ್ಪಣೆಯನ್ನು ಪ್ರಶ್ನಿಸುವ ಇಂಗ್ಲಿಷು ಪಟ್ಟಿಯಲ್ಲಿ ಏಕಿಲ್ಲ?

ನಮ್ಮ ದೇಶಕ್ಕೆ 'ಸಾಮರ್ಥ್ಯ' ಬಂದದ್ದು ಈ ಎರಡನೆಯ ದಾರಿಯಿಂದ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, ಆರ್. ಎಚ್. ದವೆ ಅವರ ಸಮಿತಿ 1991ರಲ್ಲಿ ಪ್ರಾಥಮಿಕ ಹಂತದ 'ಕನಿಷ್ಠ ಕಲಿಕಾ ಮಟ್ಟ'ಗಳನ್ನು ಗೊತ್ತುಮಾಡಿತು. ಭಾಷೆ, ಗಣಿತ, ಪರಿಸರ ಅಧ್ಯಯನ — ಪ್ರತಿಯೊಂದೂ ಬಿಡಿಬಿಡಿ ಸಾಮರ್ಥ್ಯಗಳಾಗಿ, ಒಂದೊಂದಕ್ಕೂ ಅಂಕೆ ಸಂಖ್ಯೆಯಾಗಿ ವಿಂಗಡವಾದವು. ಅಧ್ಯಾಪಕರ ಬಾಯಲ್ಲಿ ಅದು 'ಎಮ್ಮೆಲ್ಲೆಲ್' ಆಯಿತು. ಇದರ ಹಿಂದಿನ ಆಶಯವನ್ನು ನಾನು ಗೌರವಿಸುತ್ತೇನೆ. ಹಳ್ಳಿಯ ಶಾಲೆಯಿರಲಿ, ಪಟ್ಟಣದ ಶಾಲೆಯಿರಲಿ, ಇಷ್ಟಾದರೂ ಎಲ್ಲ ಮಗುವಿಗೂ ಬರಲೇಬೇಕು, ಬಾರದಿದ್ದರೆ ಹೊಣೆ ಶಾಲೆಯದು ಎಂಬುದು ಸಣ್ಣ ಮಾತಲ್ಲ. ವೆಸ್ಟರ ಸರೆಂಡರ್ ವ್ಯಾಲ್ಯೂ ಮರಳಿ ಬಂದಂತೆ. ಆದರೆ ಭಾಷೆ ಅಕ್ಕಿಯಲ್ಲ, ಪಾವು ಸೇರುಗಳಲ್ಲಿ ಅಳೆದು ಕೊಡುವುದಕ್ಕೆ. ತರಗತಿಯಲ್ಲಿ ಆದದ್ದೇನೆಂದರೆ, ಸಾಮರ್ಥ್ಯದ ಸಂಖ್ಯೆಯ ಎದುರು ಗುರುತು ಹಾಕುವುದೇ ಬೋಧನೆಯಾಯಿತು. ವಾಕ್ಯದ ಅಚ್ಚುಗಳ ಪಟ್ಟಿ ಹೋಗಿ ಸಾಮರ್ಥ್ಯಗಳ ಪಟ್ಟಿ ಬಂತು.

ಕರ್ನಾಟಕ ಇದಕ್ಕೊಂದು ಮಾನವೀಯ ರೂಪ ಕೊಟ್ಟಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಸಾಮರ್ಥ್ಯಗಳನ್ನೇ ಒಂದು ಏಣಿಯ ಮೆಟ್ಟಿಲುಗಳಾಗಿ ಜೋಡಿಸಿತು; ಮಗು ತನ್ನ ವೇಗದಲ್ಲಿ, ಕಾರ್ಡಿನಿಂದ ಕಾರ್ಡಿಗೆ, ಹಾಡಿನಿಂದ ಆಟಕ್ಕೆ ಹತ್ತುತ್ತದೆ. ಹದಿನೈದು ದಿನ ಜ್ವರ ಬಂದು ಮಲಗಿದ್ದ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಸುಗ್ಗಿಯ ಕಾಲದಲ್ಲಿ ಮಕ್ಕಳು ಹೊಲಕ್ಕೆ ಹೋಗುವ ನಾಡಿನಲ್ಲಿ ಇದು ಎಂಥ ಉಪಕಾರವೆಂದು ಹಳ್ಳಿಯ ಅಧ್ಯಾಪಕರನ್ನು ಕೇಳಿ. 2007-08ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಅನಂತರ ಇಂಗ್ಲಿಷಿಗೂ ನಲಿ-ಕಲಿಯ ಕಾರ್ಡುಗಳು ಬಂದವು.

ಮುಂದಿನದು ನಿಮಗೆ ತಿಳಿದದ್ದೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡಿದ 1994ರ ಆಜ್ಞೆ 2014ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿದ್ದುಹೋಯಿತು. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಹೊರಟಿತು. ಕೋವಿಡ್ಡಿನಿಂದ ಶಾಲೆಗಳು ಮುಚ್ಚಿ ತೆರೆದ ಮೇಲೆ 2022-23ನ್ನು 'ಕಲಿಕಾ ಚೇತರಿಕೆ'ಯ ವರ್ಷವೆಂದು ಕರೆದು, ಕಳೆದುಹೋದ ಸಾಮರ್ಥ್ಯಗಳನ್ನು ಹುಡುಕಿ ಹುಡುಕಿ ತುಂಬುವ ಪ್ರಯತ್ನ ನಡೆಯಿತು. 2020ರ ರಾಷ್ಟ್ರೀಯ ನೀತಿಯಲ್ಲಿಯೂ ಸಾಮರ್ಥ್ಯಾಧಾರಿತ ಕಲಿಕೆಯದೇ ಜಪ.

ಈ ಎಲ್ಲ ಗಲಾಟೆಯಲ್ಲಿ ಒಂದು ತಪ್ಪು ಲೆಕ್ಕವನ್ನು ನಾವು ಮತ್ತೆ ಮತ್ತೆ ಮಾಡಿದ್ದೇವೆ. ಇಂಗ್ಲಿಷ್ ಬರಬೇಕಾದರೆ ಮಾಧ್ಯಮವೇ ಇಂಗ್ಲಿಷ್ ಆಗಬೇಕೆಂದು ತಂದೆತಾಯಿಗಳು ನಂಬಿದರು, ಏಕೆಂದರೆ ಇಂಗ್ಲಿಷ್ ಪಾಠದಲ್ಲಿ ಇಂಗ್ಲಿಷ್ ಬರುವುದನ್ನು ಅವರು ಕಂಡಿರಲಿಲ್ಲ. ಅವರನ್ನು ಹಳಿಯುವಂತಿಲ್ಲ. ಅದಕ್ಕಿಂತ ಹತ್ತಿರದ ದಾರಿ ನಮ್ಮ ಊರಿನಲ್ಲೇ ಒಮ್ಮೆ ತೆರೆದಿತ್ತು: ಕನ್ನಡದಲ್ಲಿ ಎಲ್ಲವನ್ನೂ ಕಲಿಯುವ ಮಗು, ದಿನಕ್ಕೊಂದು ಹೊತ್ತು, ತಲೆಗೆ ಕೆಲಸ ಕೊಡುವ ಸಮಸ್ಯೆಯೊಂದನ್ನು ಇಂಗ್ಲಿಷಿನಲ್ಲಿ ಬಿಡಿಸುವ ದಾರಿ. ಅದಕ್ಕೆ ಬೇಕಾಗಿದ್ದುದು ಮೇಷ್ಟರ ಸ್ವಂತ ಇಂಗ್ಲಿಷು. ಅದನ್ನು ಬೆಳೆಸುವುದಕ್ಕೆ ಹಣವೂ ವೇಳೆಯೂ ತಗಲುತ್ತಿತ್ತು. ಪಟ್ಟಿ ಅಚ್ಚು ಹಾಕಿಸಿ ಹಂಚುವುದಕ್ಕೆ ಅಷ್ಟು ತಗಲುವುದಿಲ್ಲ. ಪ್ರಭು ಅವರೇ 1990ರಲ್ಲಿ ಬರೆದ ಒಂದು ಲೇಖನದಲ್ಲಿ, ಎಲ್ಲರಿಗೂ ಎಲ್ಲೆಲ್ಲಿಯೂ ಸಲ್ಲುವ ಅತ್ಯುತ್ತಮ ಪದ್ಧತಿಯೆಂಬುದೇ ಇಲ್ಲವೆಂದು ವಾದಿಸಿದರು. ಮೇಷ್ಟರಿಗೆ ತಾನು ಮಾಡುವ ಪಾಠದಲ್ಲಿ ಜೀವಂತ ನಂಬಿಕೆ ಇದೆಯೇ, ಅಥವಾ ಅದು ಯಾಂತ್ರಿಕವಾಗಿದೆಯೇ ಎಂಬುದೇ ಅವರಿಗೆ ಮುಖ್ಯವಾಗಿ ಕಂಡಿತು. ತನ್ನ ಹೆಸರಿನಲ್ಲೇ ಒಂದು ಪದ್ಧತಿ ಲೋಕದಲ್ಲಿ ಓಡಾಡುತ್ತಿದ್ದಾಗ ಹೀಗೆ ಬರೆಯಲು ದೊಡ್ಡ ಮನಸ್ಸು ಬೇಕು.

ಮೊದಲು ಹೇಳಿದ ಗೆಳೆಯನನ್ನು ನಾನು ಕೆಲವು ವರ್ಷಗಳ ಕೆಳಗೆ ನಮ್ಮೂರಿನ ಸಂತೆಬೀದಿಯಲ್ಲಿ ಕಂಡೆ. ಅದೇ ಅಂಗಡಿ, ತಂದೆಯ ಪಟದ ಕೆಳಗೆ ಅವನೇ ಕೂತಿದ್ದ. ಗುರುತು ಹಿಡಿದು, ಕುರ್ಚಿ ಹಾಕಿಸಿ, ಕಾಫಿ ತರಿಸಿದ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಶಾಲೆಯ ಕಾರ್ಡುಗಳನ್ನು ಹರವಿಕೊಂಡಿದ್ದಳು. ಅಷ್ಟರಲ್ಲಿ ಔಷಧ ಕಂಪನಿಯದೋ ಬ್ಯಾಂಕಿನದೋ ಒಂದು ಇಂಗ್ಲಿಷ್ ಕಾಗದವನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದು, "ಇದೇನು ಬರೆದ್ದಾರೆ ಒಂಚೂರು ನೋಡಿ ಹೇಳಪ್ಪ, ಮೂರು ದಿನದಿಂದ ಇಟ್ಕೊಂಡು ಕೂತಿದೀನಿ" ಎಂದ. ಓದಿ ಹೇಳಿದೆ. ಹೊರಡುವಾಗ ನಾನು ಎದ್ದು ಮೆಟ್ಟಿಲಿನತ್ತ ಎರಡು ಹೆಜ್ಜೆ ಇಟ್ಟೆ. ಅವನು ಕೂತಲ್ಲಿಂದಲೇ ಬೆರಳು ತೋರಿಸಿ, ಮೊಮ್ಮಗಳ ಕಡೆಗೆ ತಿರುಗಿ, ಐವತ್ತು ವರ್ಷದ ಹಿಂದಿನ ಅದೇ ಗತ್ತಿನಿಂದ, ಒಂದು ಅಕ್ಷರ ತಪ್ಪದೆ ಹೇಳಿದ: "ಹಿ ಈಸ್ ವಾಕಿಂಗ್ ಟು ದ ಡೋರ್."

ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು, "ವೈ?" ಎಂದಳು.